ತಲೆಯಲ್ಲಿ ಜೀವವಿದ್ದ ಗುಲಾಬಿಗಳು

ಆಗ ನನಗೆ ಅರವತ್ತೊಂದು ವರ್ಷ. ಅದಾಗಿ ಈಗ ಹತ್ತೊಂಬತ್ತು ವರ್ಷವಾಯಿತು. ಮೊನ್ನೆ ಮೈಸೂರಿನ ಒಂದು ಛತ್ರದ ಬಾಗಿಲಲ್ಲಿ ಆಚೆಗೊಂದು ಈಚೆಗೊಂದು ಟ್ರೀ ರೋಸ್ ಎನ್ನುವ ಗುಲಾಬಿ ಗಿಡ ಇಟ್ಟಿದ್ದರು. ಹತ್ತಿರ ಹೋಗಿ ಮುಟ್ಟಿ ನೋಡಿದೆ. ಪ್ಲಾಸ್ಟಿಕ್. ಅದಕ್ಕೆ ನೀರೂ ಬೇಡ, ಚಳಿಯ ಭಯವೂ ಇಲ್ಲ. ಊಟಕ್ಕೆ ಕರೆಯುವವರೆಗೆ ಅಲ್ಲೇ ನಿಂತಿದ್ದೆ. ಆ ಒಂದು ಚಳಿಗಾಲ ಪೂರ್ತಿ ನೆನಪಾಯಿತು.

ನನ್ನ ತಂಗಿಯ ಮಗಳು ಶೈಲಳ ಬಾಣಂತನಕ್ಕೆಂದು ನನ್ನನ್ನು ವಿಮಾನ ಹತ್ತಿಸಿದ್ದರು. ತಂಗಿಗೆ ಮಂಡಿ ನೋವು, ನನಗೆ ಇರಲಿಲ್ಲ. ಅದಕ್ಕೇ ನಾನು ಹೋದೆ, ಬೇರೆ ಯಾವ ದೊಡ್ಡ ಕಾರಣವೂ ಇಲ್ಲ. ಹೊರಡುವಾಗ ಎಲ್ಲರೂ ಲಾಸ್ ಏಂಜಲೀಸಿನಲ್ಲಿ ಚಳಿಯೇ ಇಲ್ಲ, ನಮ್ಮ ಮೈಸೂರಿನ ಹಾಗೇ ಎಂದರು. ನಾನು ನಂಬಿದೆ. ಪೆಟ್ಟಿಗೆಯಿಂದ ಸ್ವೆಟರು ತೆಗೆದು ಆ ಜಾಗಕ್ಕೆ ಮೆಣಸು, ಓಮ, ಒಣಶುಂಠಿ, ಸಾಂಬ್ರಾಣಿ ತುಂಬಿಕೊಂಡೆ.

ಶೈಲ ಇದ್ದದ್ದು ವುಡ್‌ಲ್ಯಾಂಡ್ ಹಿಲ್ಸಿನಲ್ಲಿ. ಸುತ್ತ ಗುಡ್ಡ, ನಡುವೆ ತಟ್ಟೆಯಂಥ ಬಯಲು. ಹಗಲೆಲ್ಲ ಬಿಸಿಲು, ಬೆಳಿಗ್ಗೆ ಬಾಗಿಲು ತೆಗೆದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ಡಿಸೆಂಬರಿನಲ್ಲಿ ಮಗು ಹುಟ್ಟಿತು, ಹೆಣ್ಣು. ನಾನು ಶೈಲಳ ತಲೆಗೆ ಬಟ್ಟೆ ಕಟ್ಟಿದೆ, ಕಿವಿಗೆ ಹತ್ತಿ ಇಟ್ಟೆ, ಕಿಟಕಿ ಮುಚ್ಚಿದೆ. ಸಾಂಬ್ರಾಣಿ ಹೊಗೆ ಹಾಕಿದರೆ ಆ ಮನೆಯ ಸೂರಿನಲ್ಲಿರುವ ಅಲಾರಂ ಕೂಗಿಕೊಳ್ಳುತ್ತಿತ್ತು. ಶೈಲಳ ಗಂಡ ಪ್ರಕಾಶ ಕುರ್ಚಿ ಹತ್ತಿ ನಿಂತು ಟವೆಲಿನಲ್ಲಿ ಅದಕ್ಕೆ ಗಾಳಿ ಬೀಸುತ್ತಿದ್ದ. ಎಂಜಿನಿಯರಿಂಗ್ ಓದಿದವನು, ಪಾಪ.

ಆ ಹೊಗೆಯಿಂದಲೇ ನೂರ್‌ಜಹಾನ್ ಪರಿಚಯವಾದದ್ದು. ಪಕ್ಕದ ಮನೆಯವಳು. ಎರಡು ಮನೆಯ ಹಿತ್ತಿಲ ನಡುವೆ ಎದೆಯೆತ್ತರದ ಗೋಡೆ. ನಾನು ಮಗುವಿನ ಬಟ್ಟೆ ಒಣಹಾಕುತ್ತಿದ್ದಾಗ ಆ ಕಡೆಯಿಂದ ಕನ್ನಡ ಕೇಳಿಸಿತು.

"ಅಕ್ಕಾ, ಸಾಂಬ್ರಾಣಿ ಹಾಕಿದ್ರಾ? ನಮ್ಮ ಮೈಸೂರಿನ ಮಂಡಿ ಮೊಹಲ್ಲಾ ಮನೇಲಿ ಕೂತ ಹಾಗಾಯ್ತು."

"ಹಾಕಿದೆ ಕಣವ್ವ. ನಿಮ್ಮನೇಲೂ ಬಾಣಂತಿ ಇದಾಳಾ?"

"ಇಲ್ಲಕ್ಕಾ. ನಮ್ಮನೇಲಿ ಇದ್ದತ್."

ಗಂಡ ಗೌಸ್ ಸಾಹೇಬರು ನವೆಂಬರಿನಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆ ಬಿಟ್ಟು ಹೋಗುವಂತಿಲ್ಲ, ಅದು ಇದ್ದತ್. ಹಿತ್ತಿಲವರೆಗೆ ಬರಬಹುದು, ಅಷ್ಟೇ. ನನ್ನ ಗಂಡ ಹೋದಾಗ ನನ್ನನ್ನೂ ಒಳಗೆ ಕೂರಿಸಿದ್ದರು. ಅದನ್ನು ಹೇಳಿದೆ. ಅವಳು, "ನೀವು ಬಾಣಂತಿಗೆ ಕಾವಲು ಕೂತಿದೀರ. ನನಗೆ ಕಾವಲಿಗೂ ಯಾರಿಲ್ಲ, ನಾನೇ ನನ್ನ ಕಾಯ್ತಿದೀನಿ" ಎಂದು ನಕ್ಕಳು. ಅವಳಿಗೆ ಐವತ್ತು ದಾಟಿತ್ತು. ಆಮೇಲೆ ದಿನಾ ಗೋಡೆಯ ಮೇಲೆ ಮಾತು. ಮೆಣಸಿನ ಸಾರು ಆ ಕಡೆಗೆ ಹೋಗುತ್ತಿತ್ತು, ಸೇಮಿಗೆ ಪಾಯಸ ಈ ಕಡೆಗೆ ಬರುತ್ತಿತ್ತು.

ಗೌಸ್ ಸಾಹೇಬರ ಕಸುಬು ಮದುವೆಗೆ ಗಿಡ ಬಾಡಿಗೆ ಕೊಡುವುದು. ಅಲ್ಲಿ ಮದುವೆ ಹಾಲಿಗೆ ದೊಡ್ಡ ಕುಂಡದ ಗಿಡ ತಂದು ಸಾಲಾಗಿ ನಿಲ್ಲಿಸುತ್ತಾರೆ, ಮುಗಿದ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಟ್ರೀ ರೋಸ್ ಎಂದರೆ ಊರುಗೋಲಿನಂಥ ಒಂದೇ ಕಾಂಡ, ನನ್ನ ಎದೆಯವರೆಗೆ ಬೋಳು, ಅದರ ತುದಿಯಲ್ಲಿ ಗುಲಾಬಿಯ ಪೊದೆ. ದಾಸವಾಳವೂ ಹಾಗೆಯೇ, ಮೂರು ಕಾಂಡವನ್ನು ಜಡೆ ಹಾಕಿದಂತೆ ಹೆಣೆದು ಮೇಲೆ ಛತ್ರಿಯ ಹಾಗೆ ಬಿಟ್ಟಿರುತ್ತಾರೆ. ಇವೆಲ್ಲ ಮನೆಯಿಂದ ಸ್ವಲ್ಪ ದೂರದಲ್ಲಿ, ದೊಡ್ಡ ಕರೆಂಟಿನ ಕಂಬಗಳ ತಂತಿಯ ಕೆಳಗೆ ಬಾಡಿಗೆಗೆ ಹಿಡಿದ ಜಾಗದಲ್ಲಿದ್ದವು. ಆ ತಂತಿಯ ಕೆಳಗೆ ಮನೆ ಕಟ್ಟುವ ಹಾಗಿಲ್ಲ, ಗಿಡ ಇಡಬಹುದು.

ಅವಳಿಗೆ ಒಬ್ಬನೇ ಮಗ, ಸಲೀಂ. ಸ್ಯಾನ್ ಡಿಯಾಗೋದಲ್ಲಿ ಟೊರ್ರಿ ಪೈನ್ಸಿನ ಒಂದು ಲ್ಯಾಬಿನಲ್ಲಿ ಗಿಡಗಳ ಮೇಲೇ ಕೆಲಸ, ಸ್ಕ್ರಿಪ್ಸ್ ರ್ಯಾಂಚಿನಲ್ಲಿ ಮನೆ. ಭಾನುವಾರ ಭಾನುವಾರ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ತಾಯಿಯ ಜೊತೆ ಉರ್ದು, ನಾನಿದ್ದರೆ ಕನ್ನಡ. ಹೊಸ ವರ್ಷ ಬಂದ ವಾರ ನನ್ನ ಎದುರಿಗೇ ಮಾತು ತೆಗೆದ.

"ಅಮ್ಮಿ, ಗಿಡ ಪೂರ್ತಿ ತಗೊಳ್ಳೋಕೆ ಒಬ್ಬ ಡೀಲರ್ ಸಿಕ್ಕಿದಾನೆ. ಕೊಟ್ಟುಬಿಡೋಣ. ಇದ್ದತ್ ಮುಗಿದ ದಿನ ನಾನು ಬಂದು ಕರ್ಕೊಂಡು ಹೋಗ್ತೀನಿ. ನಿಮ್ಮ ರೂಮ್ ರೆಡಿ ಇದೆ."

"ಏಪ್ರಿಲ್ ಮದುವೆ ಒಂದಿದೆ. ನಿಮ್ಮಪ್ಪ ಮಾತು ಕೊಟ್ಟು ಹೋಗಿದಾರೆ. ಹಾಲ್ ಬಾಗಿಲಿಂದ ಸ್ಟೇಜ್‌ವರೆಗೆ ಎರಡು ಸಾಲು ಗುಲಾಬಿ, ಸ್ಟೇಜ್ ಮೇಲೆ ದಾಸವಾಳ."

"ಯಾರು ಮಾಡ್ತಾರೆ ಅದನ್ನ?"

"ನಾನು."

"ನೀವು ಒಂದು ಕುಂಡ ಎತ್ತಿಟ್ಟಿಲ್ಲ ಅಮ್ಮಿ!"

"ಎತ್ತಿಲ್ಲ. ನೋಡಿದೀನಿ."

ಅವನು ಹಣೆ ಉಜ್ಜಿಕೊಂಡ. ಆಮೇಲೆ ಹೇಳಿದ. "ಸರಿ. ಆ ಎರಡು ಸಾಲು ನಿಲ್ಲಿಸಿಬಿಡಿ, ನಾನು ಮತ್ತೆ ಬಾಯಿ ತೆಗೆಯಲ್ಲ. ನೀವು ಇಲ್ಲೇ ಇರಿ, ಇದೇ ಮಾಡಿ. ಆಗಲಿಲ್ಲ ಅಂದ್ರೆ ನನ್ನ ಜೊತೆ ಬರಬೇಕು. ಆಂಟಿ, ನೀವೇ ಸಾಕ್ಷಿ."

"ನನ್ನ ಯಾಕೆ ಎಳೀತೀಯಪ್ಪ" ಎಂದೆ. ಒಳ್ಳೆಯ ಹುಡುಗ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಅವಳು ಬೈದು ಕಳಿಸಿಬಿಡಬಹುದಿತ್ತು.

ಅವನು ಹೋದ ಮೇಲೆ ನೂರ್‌ಜಹಾನ್ ಹೇಳಿದ್ದು ಇಷ್ಟು. "ಅಲ್ಲಿ ಹೋದರೆ ಊಟ ಬರ್ತದೆ, ಔಷಧಿ ಬರ್ತದೆ, ಟಿವಿ ಇರ್ತದೆ. ನಾನು ಇರಲ್ಲ ಅಕ್ಕಾ."

ಸಂಕ್ರಾಂತಿಯ ಹೊತ್ತಿಗೆ ಟಿವಿಯಲ್ಲಿ ಒಂದೇ ಸುದ್ದಿ. ಹಿಮದಂಥ ಚಳಿ ಬರುತ್ತದೆ, ಕಿತ್ತಳೆ ತೋಟಗಳೆಲ್ಲ ಹೋಗುತ್ತವೆ, ಗಿಡ ಮುಚ್ಚಿ, ನಾಯಿಯನ್ನು ಒಳಗೆ ಕರೆದುಕೊಳ್ಳಿ. ನೂರ್‌ಜಹಾನ್ ಗೋಡೆಯ ಹತ್ತಿರ ಬಂದು ನಿಂತಳು. ಗಿಡ ತಂತಿಯ ಕೆಳಗೆ, ಅವಳು ಮನೆಯೊಳಗೆ. ಸಲೀಂ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ನಾನು ಶೈಲಳಿಗೆ ಗಂಜಿ ಕುಡಿಸಿ ಪ್ರಕಾಶನನ್ನು ಎಬ್ಬಿಸಿದೆ. ಗೌಸ್ ಸಾಹೇಬರ ವ್ಯಾನು ಮನೆ ಮುಂದೆಯೇ ಇತ್ತು.

ಅಲ್ಲಿ ಹೋಗಿ ನಾನು ಗೊತ್ತಿದ್ದದ್ದನ್ನೇ ಶುರುಮಾಡಿದೆ. ಪ್ರತಿ ಗಿಡದ ಬುಡಕ್ಕೆ ಮಣ್ಣು ಏರಿಸುವುದು. ಪ್ರಕಾಶನ ಫೋನು ಹೊಡೆದುಕೊಂಡಿತು.

"ಅಕ್ಕಾ, ಏನು ಮಾಡ್ತಿದೀರ?"

"ಬುಡಕ್ಕೆ ಮಣ್ಣು ಹಾಕ್ತಿದೀನಿ ಕಣವ್ವ."

"ಅಯ್ಯೋ, ಬುಡಕ್ಕಲ್ಲ! ಇದರ ಜೀವ ತಲೇಲಿದೆ. ಕೆಳಗಿರೋದು ಕಾಡು ಗುಲಾಬಿ ಬೇರು, ಅದು ಸಾಯಲ್ಲ. ಮೇಲೆ ಒಂದು ಗಂಟು ಕಾಣ್ತದೆ ನೋಡಿ. ಅಲ್ಲಿ ಕಸಿ ಮಾಡಿರೋದು. ಆ ಗಂಟು ಸತ್ತರೆ ಮುಗೀತು, ಬುಡದಿಂದ ಕಾಡು ಹೂ ಏಳ್ತದೆ. ಕೊಂಬೆ ಗಿಡ್ಡ ಮಾಡಿ ತಲೆ ಕಟ್ಟಿ, ತಲೆ!"

ತಲೆ ಕಟ್ಟುವುದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಂಬೆಗಳನ್ನು ಮೊಣಕೈ ಉದ್ದಕ್ಕೆ ಕತ್ತರಿಸಿ, ಎಲೆ ಕಿತ್ತು, ನೂರ್‌ಜಹಾನ್ ಕೊಟ್ಟಿದ್ದ ಹಳೆ ಹಾಸಿಗೆ ಹೊದಿಕೆ, ಹತ್ತಿ ಸೀರೆ ಎಲ್ಲ ಹರಿದು ಸುತ್ತಿದೆ. ಗಂಟಿನ ಸುತ್ತ ಎರಡು ಪದರ, ಮೇಲೆ ಒಂದು ಪದರ, ಕತ್ತಿನ ಹತ್ತಿರ ಬಿಗಿ.

ಪ್ರಕಾಶ ದೂರ ನಿಂತು ನೋಡಿ, "ದೊಡ್ಡಮ್ಮ, ಎಲ್ಲಾ ಶೈಲನ ಥರಾನೇ ಕಾಣ್ತಿವೆ" ಎಂದ.

"ಶೈಲಂಗಿಂತ ವಾಸಿ. ಬಿಚ್ಚು ಬಿಚ್ಚು ಅಂತ ಗೋಳಾಡಲ್ಲ."

ಬಯಲಿನಲ್ಲಿ ಬಿಟ್ಟರೆ ಬಟ್ಟೆಯೊಂದೇ ಸಾಲದು ಎಂದು ಸಿಕ್ಕಷ್ಟನ್ನು ಮನೆಗೆ ಸಾಗಿಸಿದೆವು. ವ್ಯಾನಿನಲ್ಲಿ ನಿಲ್ಲಿಸಲು ಎತ್ತರ ಸಾಲದೆ ಮಲಗಿಸಿಕೊಂಡು ಬಂದೆವು. ಕತ್ತಲಾಗುವುದರೊಳಗೆ ನಾಲ್ಕು ಸಲ ಓಡಾಟ. ಗುಲಾಬಿಯಲ್ಲಿ ಅರ್ಧ ನೂರ್‌ಜಹಾನಳ ಗ್ಯಾರೇಜಿಗೆ, ಅರ್ಧ ಶೈಲಳ ಗ್ಯಾರೇಜಿಗೆ. ದಾಸವಾಳವನ್ನೆಲ್ಲ ನೂರ್‌ಜಹಾನ್ ನಡುಮನೆಗೇ ಇಡಿಸಿಕೊಂಡಳು, ಜಾಗ ಸಾಲದ ಒಂದಷ್ಟು ನಮ್ಮ ಗ್ಯಾರೇಜಿನಲ್ಲಿ ವಾಷಿಂಗ್ ಮೆಷಿನ್ನಿನ ಹಿಂದೆ ಹೋದವು. ಅವಳು ತನ್ನ ಗ್ಯಾರೇಜಿನಲ್ಲಿ ಎರಡು ಹೀಟರು ಹಚ್ಚಿದಳು. ಪ್ರಕಾಶ ಬೆಂಕಿ ಬೀಳುತ್ತದೆ ಎಂದು ಹೆದರಿ ನಮ್ಮಲ್ಲಿ ಹಚ್ಚಲು ಬಿಡಲಿಲ್ಲ. ನಮ್ಮ ಗ್ಯಾರೇಜು ಉತ್ತರಕ್ಕಿತ್ತು, ಕಿಟಕಿಯಿಲ್ಲ, ಕಾಲಿಟ್ಟರೆ ಅಂಗಾಲು ಜುಮ್ಮೆನ್ನುತ್ತಿತ್ತು. ಇವು ಉಳಿಯುವುದಿಲ್ಲ ಎಂದುಕೊಂಡೆ.

ಮರುದಿನ ತಂತಿಯ ಕೆಳಗೆ ಹೋದರೆ, ಅಲ್ಲಿ ಬಿಟ್ಟು ಬಂದಿದ್ದ ಸಣ್ಣ ಗಿಡಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ನೀರಿನ ಪೈಪು ಸೀಳಿತ್ತು. ಬೀದಿಯಲ್ಲಿ ಎಲ್ಲರ ಮನೆಯ ನಿಂಬೆಯೂ ಕಪ್ಪು. ಆ ಚಳಿ ಇನ್ನೂ ಕೆಲವು ದಿನ ಹಾಗೇ ಇತ್ತು.

ಫೆಬ್ರವರಿಯಲ್ಲಿ ನೂರ್‌ಜಹಾನಳ ಮುಖ ನೋಡಬೇಕಿತ್ತು. ಅವಳ ಗ್ಯಾರೇಜಿನ ಗುಲಾಬಿಗಳು ತಲೆಬಟ್ಟೆ ತಳ್ಳಿಕೊಂಡು ಚಿಗುರಿದ್ದವು. ಉದ್ದುದ್ದ, ಬಿಳುಚಿಕೊಂಡ ಚಿಗುರು. ನಡುಮನೆಯ ದಾಸವಾಳದಲ್ಲಿ ಮೊಗ್ಗು. ಅವಳು ದಿನಾ ನೀರು ಹಾಕುತ್ತಿದ್ದಳು, ವಾರಕ್ಕೊಮ್ಮೆ ಮಟನ್ ತೊಳೆದ ನೀರು. ಮೈಸೂರಿನಲ್ಲಿ ಅವಳ ಅತ್ತೆ ಗುಲಾಬಿಗೆ ಅದನ್ನೇ ಹಾಕುತ್ತಿದ್ದರಂತೆ, ಹೂವು ಅಂಗೈಯಗಲ ಬರುತ್ತಿತ್ತಂತೆ. ನಮ್ಮ ಗ್ಯಾರೇಜಿನವು ಬರೀ ಕಡ್ಡಿ. ದಾಸವಾಳ ಎಲೆಯೆಲ್ಲ ಉದುರಿಸಿ ಪೊರಕೆಯಂತೆ ನಿಂತಿತ್ತು. ಪ್ರಕಾಶ ಕಸದ ಗಾಡಿ ಬರುವ ದಿನ ಹೊರಗಿಡೋಣ ಎಂದ. ನಾನು ಒಂದರ ತೊಗಟೆ ಉಗುರಿನಿಂದ ಕೆರೆದೆ. ಒಳಗೆ ಹಸಿರಿತ್ತು. ಇರಲಿ ಬಿಡು ಎಂದೆ. ಅದನ್ನು ಹೊತ್ತು ಹಾಕುವುದಕ್ಕೂ ಪುರುಸೊತ್ತಿರಲಿಲ್ಲ. ಮಗುವಿನ ಸ್ನಾನ, ಬಾಣಂತಿಯ ಸ್ನಾನ, ಅಡಿಗೆ, ಮತ್ತೆ ಮಗುವಿನ ಬಟ್ಟೆ. ನೀರು ಹಾಕುವವರು ಯಾರು?

ಸಲೀಂ ಬಂದವನು ತಾಯಿಯ ಗ್ಯಾರೇಜು ನೋಡಿ ಬಾಗಿಲಲ್ಲೇ ನಿಂತ.

"ಅಮ್ಮಿ, ಇವನ್ನ ಯಾಕೆ ಎಬ್ಬಿಸಿದ್ರಿ?"

"ಎಬ್ಬಿಸಿದ್ದಲ್ಲ, ಬದುಕಿಸಿದ್ದು."

"ಇವು ಈಗ ನಿದ್ದೆ ಮಾಡಬೇಕು ಅಮ್ಮಿ. ಕಾವು ಬೇಡ, ಗೊಬ್ಬರ ಬೇಡ, ನೀರು ಎಲ್ಲೋ ಒಂದು ಲೋಟ. ಹೆಪ್ಪುಗಟ್ಟದ ಹಾಗೆ ನೋಡ್ಕೊಂಡರೆ ಸಾಕು, ಚಳಿ ಇರಬೇಕು. ನೀವು ಹೀಟರ್ ಹಾಕಿ ಬೇಸಿಗೆ ಬಂತು ಅಂತ ಇವಕ್ಕೆ ಸುಳ್ಳು ಹೇಳಿದೀರ. ಈ ಚಿಗುರು ಹೊರಗಿನ ಗಾಳಿ ತಡೆಯಲ್ಲ."

"ನಿಮ್ಮಪ್ಪ ಆ ಆಸ್ಪತ್ರೆ ಮಂಚದ ಮೇಲೆ ನಡುಗಿ ನಡುಗಿ ಹೋದರು. ಎಷ್ಟು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಇನ್ನೊಂದು ಜೀವ ನನ್ನ ಮುಂದೆ ನಡುಗೋದು ಬೇಡ."

ಅವನು ಆ ಬಾಗಿಲು ಮುಚ್ಚಿದ. ನಮ್ಮ ಗ್ಯಾರೇಜಿಗೆ ಬಂದು ಕಡ್ಡಿಗಳನ್ನು ನೋಡಿ, "ಇವು ಸರಿಯಾಗಿವೆ. ಆಂಟಿ, ಮುಟ್ಟಬೇಡಿ" ಎಂದ.

"ಮುಟ್ಟಿದ್ದರೆ ತಾನೇ" ಎಂದೆ.

ಒಳಗೆ ಮಲಗಿದ್ದ ಶೈಲಳಿಗೆ ಇದೆಲ್ಲ ಕೇಳಿಸಿತ್ತು. "ದೊಡ್ಡಮ್ಮ, ಸಲೀಂ ಹೇಳಿದ್ದು ಕೇಳಿದ್ರಲ್ಲ? ಕಾವು ಬೇಡವಂತೆ. ಕಿಟಕಿ ತೆಗೀರಿ."

"ನೀನು ಗುಲಾಬಿ ಅಲ್ಲ. ಸುಮ್ಮನೆ ಮಲಕ್ಕೊ."

ಅಂದೆ, ನಿಜ. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಾಪಾಡುವುದು ಎಂದರೆ ಬೆಚ್ಚಗಿಡುವುದು ಎಂದೇ ನಾನು ತಿಳಿದಿದ್ದವಳು. ಹುಟ್ಟಿದ ಮಗುವಿಗೆ, ಹೆತ್ತವಳಿಗೆ, ಜ್ವರ ಬಂದವರಿಗೆ ಅದು ಸರಿ. ಆದರೆ ಕೆಲವಕ್ಕೆ ಸಾಯದಷ್ಟು ಮಾತ್ರ ಆಸರೆ ಕೊಟ್ಟು ಉಳಿದದ್ದಕ್ಕೆ ಕೈ ಕಟ್ಟಿ ಕೂರಬೇಕು. ಕೈ ಕಟ್ಟಿ ಕೂರುವುದು ಪ್ರೀತಿಯ ಹಾಗೆ ಕಾಣುವುದಿಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ.

ಫೆಬ್ರವರಿಯ ಕೊನೆಯಲ್ಲಿ ನಾಲ್ಕು ದಿನ ಒಳ್ಳೆ ಬಿಸಿಲು ಬಂತು. ನೂರ್‌ಜಹಾನ್ ಪ್ರಕಾಶನ ಕೈಯಲ್ಲಿ ತನ್ನ ಎಲ್ಲ ಕುಂಡಗಳನ್ನೂ ಹಿತ್ತಿಲಿಗೆ ತೆಗೆಸಿಟ್ಟಳು. ಮೊದಲ ದಿನ ಚಿಗುರು ತಲೆಯೆತ್ತಿತು. ಆಮೇಲಿನ ಬೆಳಿಗ್ಗೆ ಹುಲ್ಲಿನ ಮೇಲೆ ಮತ್ತೆ ಆ ಉಪ್ಪು. ಸಂಕ್ರಾಂತಿಯ ಚಳಿಯ ಮುಂದೆ ಅದು ಏನೂ ಅಲ್ಲ, ನಾನು ಬರಿಗಾಲಲ್ಲಿ ನಡೆದಾಡಿದೆ. ಆದರೆ ಸೂರ್ಯ ಮೇಲೆ ಬರುವ ಹೊತ್ತಿಗೆ ಗುಲಾಬಿಯ ಚಿಗುರೆಲ್ಲ ಕಪ್ಪಾಗಿ ನೀರುನೀರಾಗಿತ್ತು. ದಾಸವಾಳದ ಮೊಗ್ಗು ಮುಟ್ಟಿದರೆ ಉದುರಿತು. ಕೆಲವು ಗಿಡ ಪೂರ್ತಿ ಸತ್ತವು, ನೀರು ಕುಡಿದು ಕುಡಿದು ಬೇರು ಕೊಳೆತಿತ್ತು. ಕೆಲವು ಬುಡದಿಂದ ಕಾಡು ಚಿಗುರು ಹಾಕಿದವು. ಏಪ್ರಿಲಿಗೆ ಹೂ ಬಿಡುವಂಥದ್ದು ಅದರಲ್ಲಿ ಒಂದೂ ಉಳಿಯಲಿಲ್ಲ.

ಅವಳು ಅಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು. "ಅಕ್ಕಾ, ಸಲೀಂಗೆ ಫೋನ್ ಮಾಡಿ. ಆ ಡೀಲರ್‌ಗೆ ಹೇಳಲಿ."

"ನಿನ್ನ ಮಗ, ನೀನು ಮಾಡು. ನಿನ್ನ ಬಾಯಿಗೇನಾಗಿದೆ?"

ಅವಳು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಮಾರ್ಚಿನಲ್ಲಿ ನಮ್ಮ ಗ್ಯಾರೇಜಿನವನ್ನು ಹೊರಗೆ ತೆಗೆದೆವು. ಸಲೀಂ ಫೋನಿನಲ್ಲಿ ಹೇಳಿದಂತೆ, ಮೊದಲು ನೆರಳು, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ. ತಲೆಯ ಬಟ್ಟೆ ಬಿಚ್ಚಿದಾಗ ಕಡ್ಡಿಗಳ ಮೇಲೆ ಕೆಂಪು ಚುಕ್ಕಿಗಳಿದ್ದವು, ಮಗುವಿನ ವಸಡಿನಲ್ಲಿ ಹಲ್ಲು ಕಾಣುವ ಹಾಗೆ. ಇದ್ದತ್ ಮುಗಿದ ದಿನ ನೂರ್‌ಜಹಾನ್ ಮುಂಬಾಗಿಲಿಂದ ಹೊರಗೆ ಬಂದಳು. ಬೀದಿ ನೋಡಲಿಲ್ಲ. ನೇರ ನಮ್ಮ ಮನೆಗೆ ಬಂದು ಒಂದೊಂದು ಗಿಡದ ಗಂಟನ್ನೂ ಬೆರಳಿಂದ ಒತ್ತಿ ನೋಡಿದಳು. ಆಮೇಲೆ ಮದುವೆಯ ಹುಡುಗಿಯ ತಾಯಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಎರಡು ಸಾಲು ಆಗುವುದಿಲ್ಲ, ಒಂದೇ ಸಾಲು. ದಾಸವಾಳದಲ್ಲಿ ಎಲೆ ಇರುತ್ತದೆ, ಹೂ ಇರುವುದಿಲ್ಲ. ಆ ಹೆಂಗಸು ಸ್ವಲ್ಪ ಹೊತ್ತು ಗೊಣಗಿ, ಇನ್ನೊಂದು ಕಡೆಗೆ ದೀಪ ಇಡಿಸುತ್ತೇನೆ, ತನ್ನಿ ಎಂದಳಂತೆ.

ಮದುವೆ ಸ್ಯಾನ್ ಡಿಯಾಗೋದಲ್ಲಿ. ಏಪ್ರಿಲಿನ ಕೊನೆಯಲ್ಲಿ ನೂರ್‌ಜಹಾನ್ ವ್ಯಾನು ಓಡಿಸಿದಳು, ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಬಲಗಡೆ ಸಮುದ್ರ, ಹಿಂದೆ ಕುಂಡಗಳ ಗಡಗಡ. ಸಲೀಂ ಮದುವೆ ಹಾಲಿನ ಬಾಗಿಲಲ್ಲಿ ಕಾಯುತ್ತಿದ್ದ. ತಾನೇ ಕುಂಡ ಹೊತ್ತ. ಬೆಳಗಿನ ಮದುವೆ. ಒಂದು ಕಡೆ ಗುಲಾಬಿ, ಬೆಣ್ಣೆಯ ಬಣ್ಣ, ಅಂಚಿನಲ್ಲಿ ತೆಳು ಗುಲಾಬಿ. ಇನ್ನೊಂದು ಕಡೆ ದೀಪ. ಜನ ಚೆನ್ನಾಗಿದೆ ಎಂದರು. ಬೇಕೆಂದೇ ಹಾಗೆ ಮಾಡಿದ್ದು ಎಂದುಕೊಂಡಿರಬೇಕು. ನೂರ್‌ಜಹಾನ್ ಮಾತ್ರ ಆ ದೀಪದ ಕಡೆಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಸಲೀಂ ನಮ್ಮನ್ನು ಸ್ಕ್ರಿಪ್ಸ್ ರ್ಯಾಂಚಿನ ಮನೆಗೆ ಕರೆದುಕೊಂಡು ಹೋಗಿ ಆ ರೂಮು ತೋರಿಸಿದ. ಮೆತ್ತನೆಯ ಮಂಚ, ನಮಾಜಿಗೆ ಹಾಸುವ ಹೊಸ ಜಾನಮಾಜ್, ಟಿವಿ, ಬಿಸಿಗಾಳಿ ಬರುವ ಕಿಂಡಿ. ಯಾವುದಕ್ಕೂ ಕಡಿಮೆಯಿರಲಿಲ್ಲ. ನೂರ್‌ಜಹಾನ್ ಮಂಚದ ಮೇಲೆ ಕೂತು ಹಾಸಿಗೆ ಒತ್ತಿ ನೋಡಿದಳು.

"ಚೆನ್ನಾಗಿದೆ ಬೇಟಾ."

"ಒಂದೇ ಸಾಲು ಬಂತು ಅಮ್ಮಿ" ಎಂದ ಅವನು, ಮೆತ್ತಗೆ.

"ಹೌದು. ನಾನು ಸೋತೆ. ಇಲ್ಲ ಅನ್ನಲ್ಲ."

ಮುಗಿಯಿತು ಎಂದುಕೊಂಡೆ. ಅವಳು ತಲೆಯೆತ್ತಿದಳು.

"ಯಾವ ಸಾಲು ಬಂತು, ಅದನ್ನೂ ಹೇಳು. ನಾನು ಹೀಟರ್ ಹಾಕಿ ಮುದ್ದು ಮಾಡಿದ್ದು ಬಂತಾ? ಈ ಅಕ್ಕ ತಿರುಗಿ ಕೂಡ ನೋಡದೆ ಬಿಟ್ಟಿದ್ದು ಬಂತು."

"ತಿರುಗಿ ನೋಡೋಕೆ ಪುರುಸೊತ್ತಿರಲಿಲ್ಲ" ಎಂದೆ ನಾನು. ಇರಲಿಲ್ಲ.

"ನಿಮ್ಮಪ್ಪ ಹೋದ ಮೇಲೆ ನನ್ನ ಎಲೆಯೂ ಉದುರಿದೆ ಸಲೀಂ. ಕಡ್ಡಿ ಹಾಗೆ ಕಾಣ್ತೀನಿ, ಗೊತ್ತು. ಈ ರೂಮಲ್ಲಿ ನನ್ನ ಎಬ್ಬಿಸಬೇಡ. ನಾನೆಲ್ಲಿದೀನೋ ಅಲ್ಲೇ ಬಿಡು, ಒಂದು ವರ್ಷ. ಕಪ್ಪಾದರೆ ನೀನೇ ಬಂದು ವ್ಯಾನಿಗೆ ಹಾಕ್ಕೊಂಡು ಹೋಗು."

ಅವಳು ಅಷ್ಟುದ್ದ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಅರ್ಧ ನಾಟಕ ಅನ್ನಿಸಿತು. ಅರ್ಧ ಸರಿ ಅನ್ನಿಸಿತು. ಸಲೀಂ ಕಿಟಕಿಯ ಕಡೆ ತಿರುಗಿದ. ಆ ಗ್ಯಾರೇಜಿನಲ್ಲಿ ತಾಯಿಗೆ ಪಾಠ ಹೇಳಿದವನು ಅವನೇ. ಈಗ ಅದೇ ಪಾಠವನ್ನು ತಾಯಿ ಅವನಿಗೆ ತಿರುಗಿ ಒಪ್ಪಿಸಿದ್ದಳು.

"ರಾತ್ರಿ ಏನಾದ್ರೂ ಆದ್ರೆ?" ಎಂದ ಕೊನೆಗೆ.

"ಪಕ್ಕದಲ್ಲಿ ಪ್ರಕಾಶ್ ಇದಾನೆ. ನಿನಗೆ ಮಾಡೋಕೆ ಫೋನಿದೆ."

"ದಿನಾ ಮಾಡಬೇಕು."

"ಮಾಡ್ತೀನಿ. ನೀನು ಎತ್ತಬೇಕು."

ಅವನು ನಕ್ಕ. ಕೋಪವೂ ಇತ್ತು ಆ ನಗುವಿನಲ್ಲಿ. ಆಮೇಲೆ ವ್ಯಾನಿನ ಬೀಗದ ಕೈ ತೆಗೆದುಕೊಂಡು ತಾನೇ ಡ್ರೈವ್ ಮಾಡಿಕೊಂಡು ನಮ್ಮನ್ನು ವುಡ್‌ಲ್ಯಾಂಡ್ ಹಿಲ್ಸಿಗೆ ಬಿಟ್ಟ. ಅವತ್ತು ತಾಯಿಯ ಮನೆಯಲ್ಲೇ ಉಳಿದ. ದಾರಿಯಲ್ಲಿ ಒಂದು ಸಲ ಮಾತ್ರ ಮಾತಾಡಿದ. ಹೊ‌ಸ ಟ್ರೀ ರೋಸ್ ತರುವುದಾದರೆ ಅಪ್ಪ ಯಾವ ನರ್ಸರಿಗೆ ಹೋಗುತ್ತಿದ್ದರು ಎಂದು ಕೇಳಿದ.

ಮರುದಿನ ಬೆಳಿಗ್ಗೆ ನಾನು ಮಗುವಿಗೆ ನೀರು ಹಾಕಿ ಮಲಗಿಸಿ, ನೂರ್‌ಜಹಾನಳ ಹಿತ್ತಿಲಿಗೆ ಹೋಗಿ ಸತ್ತ ಗಿಡಗಳನ್ನು ಒಂದೊಂದಾಗಿ ಕಿತ್ತೆ. ಕೊಳೆತ ಬೇರು ನಾರುತ್ತಿತ್ತು. ಮಣ್ಣು ಕೊಡವಿ, ಕುಂಡಗಳನ್ನು ತಿಕ್ಕಿ ತೊಳೆದು, ಬಿಸಿಲಿಗೆ ಸಾಲಾಗಿ ಬೋರಲು ಹಾಕಿದೆ.